ಸುನಂದ ಮಸುಕಾಗಿಸಿದ ಬಂಡೆ

ಟಕ್. ಟಕ್. ಟಕ್.

ಶ್ರೀನಿವಾಸಪುರದ ಬಸ್‌ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ, ದಿನಸಿ ಅಂಗಡಿಯ ಮೇಲಿನ ಕೋಣೆಯಿಂದ ಬೆಳಗಿನಿಂದ ಸಂಜೆಯವರೆಗೆ ಈ ಸದ್ದು ಬರುತ್ತಲೇ ಇರುತ್ತದೆ. ಬೇಳೆ ಕಟ್ಟಿಸಿಕೊಳ್ಳಲು ನಿಂತವರು ಮೊದಮೊದಲು ಹಲ್ಲಿ ಲೊಚಗುಟ್ಟಿತೆಂದು ತಲೆಯೆತ್ತಿ ನೋಡುತ್ತಿದ್ದರು. ಈಗ ಯಾರೂ ನೋಡುವುದಿಲ್ಲ. ಅದು ಸುನಂದಳ ಮೌಸಿನ ಸದ್ದು. ಮದುಮಗಳ ಹೂವಿನ ಜಡೆಯಿಂದ ಸೀರೆಯ ನೆರಿಗೆಯವರೆಗೆ, ಅಂಚು ಹಿಡಿದು, ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಚುಕ್ಕಿ ಇಡುತ್ತಾ ಹೋಗುವ ಸದ್ದು. ಚುಕ್ಕಿಗಳೆಲ್ಲ ಕೂಡಿ ಬೇಲಿಯಾದ ಮೇಲೆ ಒಳಗಿರುವುದು ಮದುಮಗಳು, ಹೊರಗಿರುವುದೆಲ್ಲ ಮಸುಕು.

ಸದ್ದು ನಡುವೆ ನಿಲ್ಲುವುದು ಒಂದೇ ಕಾರಣಕ್ಕೆ. ಬೀದಿಯ ನಲ್ಲಿಗೆ ನೀರು ಬಿಟ್ಟರೆಂದರೆ ಸಾಕು, ಮದುಮಗಳ ಮೂಗಿನ ತುದಿಯಲ್ಲೇ ಮೌಸು ಬಿಟ್ಟು, ಎದುರಿಗೆ ಯಾರೇ ಕೂತಿರಲಿ, ಮಾತು ಎಲ್ಲಿಗೇ ಬಂದಿರಲಿ, ಸುನಂದ ಎದ್ದು ಮೆಟ್ಟಿಲಿಳಿದು ಹೋಗುತ್ತಾಳೆ. ವಾರಕ್ಕೊಮ್ಮೆ ಬರುವ ನೀರು. ಹಾಗೆ ಎದ್ದು ಹೋದರೆ ಈ ಊರಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಕೂತವರೂ ತಮ್ಮ ಮನೆಯ ಕೊಡ ನೆನೆದು ಎದ್ದುಬಿಡುತ್ತಾರೆ.

ಸುನಂದ ಹುಟ್ಟಿದ್ದು ಆಂಧ್ರದ ಗಡಿಯ ರಾಯಲ್ಪಾಡಿನಲ್ಲಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕನಸಿನಲ್ಲಿ ಎರಡೂ. ಪಿಯುಸಿ ಮುಗಿಸಿ ಕೋಲಾರದ ಒಂದು ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ಕತ್ತರಿಸುವ ಕೆಲಸಕ್ಕೆ ಸೇರಿದಳು. ಅಲ್ಲಿಗೆ ಕಂಪ್ಯೂಟರ್ ಬಂದ ದಿನ ಉಳಿದವರು ದೂರ ನಿಂತು ನೋಡಿದರು, ಇವಳು ಸ್ಟೂಲು ಎಳೆದುಕೊಂಡು ಹತ್ತಿರ ಕೂತಳು. ಮದುವೆಯಾಗಿ ಶ್ರೀನಿವಾಸಪುರಕ್ಕೆ ಬಂದ ಮೇಲೆ, ಮಾವಿನ ಮಂಡಿಯಲ್ಲಿ ತೂಕ ನೋಡುವ ಗಂಡ ಕದಿರಪ್ಪ ಈ ಕೋಣೆ ಹಿಡಿದುಕೊಟ್ಟ. ಈಗ ಮುಳಬಾಗಿಲು, ಮಾಲೂರು, ಕೋಲಾರದ ಮದುವೆ ಫೋಟೋದವರೆಲ್ಲ ತಮ್ಮ ಕ್ಯಾಮೆರಾದ ಮೆಮೊರಿ ಕಾರ್ಡುಗಳನ್ನು ಇವಳ ಮೇಜಿನ ಮೇಲೆ ತಂದು ಸುರಿಯುತ್ತಾರೆ.

ನಮ್ಮ ಕಡೆಯ ಮದುವೆ ಫೋಟೋ ಎಂದರೆ ಮದುಮಕ್ಕಳ ಬೆನ್ನಿಗೆ ಒಂದು ಸಂತೆಯೇ ನಿಂತಿರುತ್ತದೆ. ನೀಲಿ ನೀರಿನ ಕ್ಯಾನು, ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿ, ಸಾಂಬಾರ್ ಬಕೆಟ್ ಹಿಡಿದು ಓಡುವವನ ಮೊಣಕೈ, ಆಕಳಿಸುವ ಸೋದರಮಾವ. ಇಷ್ಟಕ್ಕೂ ಸುನಂದ ಇಟ್ಟ ಹೆಸರು ಒಂದೇ: ಹಿಂದಿನ ಕಸ. "ಹಿಂದಿನ ಕಸ ಗುಡಿಸಿದ್ರೆ ಹುಡುಗಿ ತಾನೇ ಮುಂದಕ್ಕೆ ಬರ್ತಾಳೆ," ಎನ್ನುತ್ತಿದ್ದಳು. ಗುಡಿಸುವುದರಲ್ಲಿ ಅವಳ ಕೈ ಅಷ್ಟು ಪಳಗಿತ್ತು.

ಮಾವು ಹೂ ಬಿಟ್ಟಿದ್ದ ಒಂದು ಬೆಳಗ್ಗೆ ವೆಂಕಟ್ ಬಂದ. ಸುನಂದಳ ಚಿಕ್ಕಮ್ಮನ ಮಗ. ನರಸಾಪುರದ ಒಂದು ಕಾರ್ಖಾನೆಯಲ್ಲಿ ಕೆಲಸ. ರಾತ್ರಿ ಪಾಳಿ ಮುಗಿಸಿ, ಕಂಪನಿ ಬಸ್ಸಿನಲ್ಲಿ ಕೋಲಾರಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ನೇರ ಇಲ್ಲಿಗೇ ಬಂದಿದ್ದ. ರಜೆಯ ದಿನವೆಲ್ಲ ಹಳೆಯ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬೆಟ್ಟ ಸುತ್ತುವ ಹುಚ್ಚು ಅವನದು.

"ಏನ್ಲಾ, ಕಣ್ಣು ಕೆಂಡ ಆಗವೆ. ಮಲಗಲಿಲ್ವಾ?"

"ಮಲಗೋದು ಇರ್ಲಿ ಅಕ್ಕ. ಇದು ನೋಡು ಮೊದಲು."

ಪರದೆಯ ತುಂಬ ಬಂಡೆ. ನಡುವೆ ಎರಡು ಕಿತ್ತಳೆ ಕಣ್ಣು. ಆಮೇಲೆ ನಿಧಾನವಾಗಿ ಕಣ್ಣಿನ ಸುತ್ತ ಮುಖ, ಮುಖದ ಮೇಲೆ ಕೊಂಬಿನಂಥ ಎರಡು ಗರಿಯ ಕುಚ್ಚು.

"ಗೂಬೆ ಕಣೋ! ಬೆಳಗ್ಗೆ ಬೆಳಗ್ಗೆ ತೋರಿಸೋಕೆ ಬೇರೆ ಮುಖ ಸಿಗಲಿಲ್ವಾ ನಿಂಗೆ?"

"ನಮ್ಮ ಸೂಪರ್‌ವೈಸರ್ ಮುಖಕ್ಕಿಂತ ಲಕ್ಷಣವಾಗೈತೆ ಬಿಡಕ್ಕ."

ಕೋಲಾರದ ಒಂದು ಕಾಲೇಜಿನಲ್ಲಿ ಜಿಲ್ಲೆಯ ಕಾಡುಜೀವಿಗಳ ಚಿತ್ರಪ್ರದರ್ಶನ ಏರ್ಪಟ್ಟಿತ್ತು. ಆಯ್ಕೆಯಾದ ಚಿತ್ರದ ಕೆಳಗೆ ತೆಗೆದವರ ಹೆಸರು ಹಾಕಿ ಗೋಡೆಗೆ ತೂಗುಹಾಕುತ್ತಾರೆ. ವೆಂಕಟ್ ಅದಕ್ಕೇ ಬೆಟ್ಟ ಹತ್ತಿ ಇಳಿದಿದ್ದ.

"ದೊಡ್ಡ ಲೆನ್ಸ್ ಇರೋರ ಫೋಟೋದಲ್ಲಿ ಹಿಂದೆ ಬೆಣ್ಣೆ ಬಳಿದಂಗಿರ್ತದೆ. ನಂದ್ರಲ್ಲಿ ನೋಡು, ಕಲ್ಲು, ಕಡ್ಡಿ, ಮುಳ್ಳು ಎಲ್ಲಾ ಗೂಬೆ ಮೈಮೇಲೇ ಬಿದ್ದಂಗವೆ. ಹಿಂದೆ ಸ್ವಲ್ಪ ಬ್ಲರ್ ಮಾಡ್ಕೊಡು."

"ಅಷ್ಟೇ ತಾನೇ?"

ಟಕ್ ಟಕ್ ಟಕ್. ಕಾಫಿ ಆರುವುದರೊಳಗೆ ಮುಗಿಯಿತು. ಗೂಬೆಯ ಸುತ್ತ ಬೇಲಿ, ಬೇಲಿಯಾಚೆ ಎಲ್ಲ ಬೆಣ್ಣೆ. ಅಷ್ಟರಲ್ಲಿ ತಿಂಡಿ ಡಬ್ಬಿ ಹಿಡಿದು ಸುನಂದಳ ತಾಯಿ ಆಂಜಿನಮ್ಮ ಮೆಟ್ಟಿಲು ಹತ್ತಿ ಬಂದರು. ಮಗಳ ಜೊತೆಗೇ ಇರುವ ಅವರು ಈ ವಯಸ್ಸಿನಲ್ಲೂ ಪರದೆಯ ಮೇಲೆ ಏನಿದೆ ಎಂದು ಇಣುಕದೆ ಡಬ್ಬಿ ಕೆಳಗಿಡುವವರಲ್ಲ.

"ಏಮೇ ಇದಿ? ಗೂಬೆ ಗಾಳೀಲಿ ಕೂತೈತಾ? ಕಾಲ ಕೆಳಗೆ ಏನೂ ಇಲ್ವಲ್ಲೇ."

"ಬಂಡೆ ಇತ್ತು ದೊಡ್ಡಮ್ಮ, ನಿನ್ನ ಮಗಳು ಗುಡಿಸ್ಬಿಟ್ಳು," ಎಂದ ವೆಂಕಟ್.

ಸುನಂದ ಕುರ್ಚಿ ಹಿಂದಕ್ಕೆ ತಳ್ಳಿ ದೂರದಿಂದ ನೋಡಿದಳು. ಗೂಬೆಯ ಉಗುರು ಹಿಡಿದಿದ್ದ ಕಲ್ಲೂ ಕರಗಿಹೋಗಿತ್ತು. ಕೊಂಬಿನ ಗರಿಗಳನ್ನು ಕ್ಷೌರದವನು ಸವರಿದ ಹಾಗಿತ್ತು. ಮೈ ಸುತ್ತ ತೆಳ್ಳನೆಯ ಬಿಳಿ ಗೆರೆ. ಸರ್ಕಲ್ಲಿನ ಫ್ಲೆಕ್ಸಿನಲ್ಲಿ ಶುಭಾಶಯ ಕೋರುವವರ ತಲೆಯಂತೆ ಗೂಬೆ ಅಂಟಿಕೊಂಡು ಕೂತಿತ್ತು.

"ಥೂ," ಎಂದಳು. "ಇದು ಮದುವೆ ಗೂಬೆ ಆಯ್ತು ಕಣೋ."

"ನಂಗೇನೋ ಚೆನ್ನಾಗೇ ಕಾಣ್ತದೆ. ಆದ್ರೆ ಅಕ್ಕ, ಪ್ರದರ್ಶನದೋರು ಒಂದು ಮಾತು ಹೇಳವ್ರೆ. ಇರೋದನ್ನ ತೆಗೀಬಾರದಂತೆ, ಇಲ್ಲದ್ದನ್ನ ಹಾಕಬಾರದಂತೆ. ಬೆಳಕು, ಬಣ್ಣ, ಒಂಚೂರು ಮೆದು ಮಾಡೋದು, ಇಷ್ಟೇ ನಡೀತದಂತೆ."

"ಹಂಗಾದ್ರೆ ಯಾವ ಕಲ್ಲು ಮುಂದೆ, ಯಾವುದು ಹಿಂದೆ ಗೊತ್ತಾಗಬೇಕು. ಹತ್ತಿರದ್ದು ಚೂಪಾಗಿರಬೇಕು, ದೂರ ಹೋದಂಗೆ ಮೆದುವಾಗಬೇಕು. ಮದುವೆ ಮನೇಲಿ ಕ್ಯಾನು ಎಷ್ಟು ದೂರ, ಕುರ್ಚಿ ಎಷ್ಟು ದೂರ ಅಂತ ಕಣ್ಮುಚ್ಚಿ ಹೇಳ್ತೀನಿ. ಇದು ಎಲ್ಲಿದೋ?"

"ನಿಮ್ಮೂರಲ್ಲೇ ಅಕ್ಕ. ಅತ್ತಾಕೋಡಳ್ಳ ಬಂಡ."

ರಾಯಲ್ಪಾಡಿನಾಚೆಯ ಗುಡ್ಡದಲ್ಲಿ ಅತ್ತೆ ಸೊಸೆ ಜಗಳವಾಡಿ ಮುಖ ತಿರುಗಿಸಿ ನಿಂತ ಹಾಗೆ ಎರಡು ಬಂಡೆಗಳಿವೆ. ಆ ಕಡೆಯ ಮಕ್ಕಳಿಗೆಲ್ಲ ಅವು ಗೊತ್ತು. ಸುನಂದ ಮೂಲ ಫೋಟೋ ಮತ್ತೆ ತೆರೆದಳು. ಹೌದು, ಎಡಕ್ಕೆ ಅತ್ತೆ, ಬಲಕ್ಕೆ ಸೊಸೆ, ನಡುವಿನ ಬಿರುಕಿನಲ್ಲಿ ಒಂದು ಕಾಡು ಅತ್ತಿ ಗಿಡ.

ಆಂಜಿನಮ್ಮನ ದನಿ ಇಳಿಯಿತು. "ನಮ್ಮ ಕಾಲದಲ್ಲಿ ಅಮಾಸೆ ಹತ್ತಿರ ಬಂದ್ರೆ ಗೂಬೆ ಹಿಡಿಯೋರು ಆ ಗುಡ್ಡಕ್ಕೆ ಬರೋರು. ಪೂಜೆಗಂತೆ. ಗೋಣಿಚೀಲದಲ್ಲಿ ಹಾಕ್ಕೊಂಡು ಹೋಗೋರು. ಚೀಲದೊಳಗಿಂದ ಒಂದು ಸದ್ದು ಬರ್ತಿತ್ತು ನೋಡು... ಅದು ಬೇಡ ಬಿಡು." ಅಷ್ಟು ಹೇಳಿ ಡಬ್ಬಿಯ ಮುಚ್ಚಳ ತೆಗೆದರು.

ಯಾವ ಕಲ್ಲು ಎಷ್ಟು ದೂರವೆಂದು ಕಣ್ಣಾರೆ ನೋಡಲು ಭಾನುವಾರ ಸಂಜೆ ಸುನಂದ ವೆಂಕಟ್ ಜೊತೆ ರಾಯಲ್ಪಾಡಿಗೆ ಹೋದಳು. ಗೂಬೆ ಬೆದರೀತೆಂದು ಹತ್ತಿರ ಹೋಗಲು ಅವಳು ಒಪ್ಪಲಿಲ್ಲ. ಗುಡ್ಡದ ಬುಡದ ಮಾವಿನ ತೋಪಿನಲ್ಲೇ ನಿಂತರು. ಹೂವಿನ ವಾಸನೆಗೆ ಗಾಳಿ ದಪ್ಪಗಾಗಿತ್ತು. ಜೇನುಹುಳುಗಳು ಮನೆಗೆ ಹೊರಟಿದ್ದವು. ಎದುರಿನ ಬಂಡೆಗಳ ಮೇಲೆ ಬಿಸಿಲು ಬೆಲ್ಲದ ಬಣ್ಣಕ್ಕೆ ತಿರುಗಿತ್ತು.

"ಎಲ್ಲೋ?"

"ಅಲ್ಲೇ ಅಕ್ಕ. ಸೊಸೆ ಭುಜದ ಕೆಳಗೆ."

"ಕಲ್ಲು ಕಾಣ್ತದೆ."

"ಕಲ್ಲನ್ನೇ ನೋಡ್ತಾ ಇರು."

ನೋಡಿದಳು. ಕಲ್ಲು, ಕಲ್ಲಿನ ಮೇಲೆ ಪಾಚಿಯ ಕಲೆ, ಬಿರುಕು, ನೆರಳು. ಕಣ್ಣು ನೋಯುವಷ್ಟು ಹೊತ್ತು ನೋಡಿದಳು. ಆಗ ಕಲ್ಲಿನ ಒಂದು ಚೂರು ಕತ್ತು ತಿರುಗಿಸಿತು.

ಸುನಂದಳ ಕೈ ತಾನಾಗಿ ಬಾಯಿಗೆ ಹೋಯಿತು. ಮೊದಲಿನಿಂದಲೂ ಅದು ಅಲ್ಲೇ ಇತ್ತು. ಅವಳ ನೋಟ ಅದರ ಮೇಲೆ ಎಷ್ಟು ಸಲ ಹಾದುಹೋಗಿತ್ತೋ. ಈಗ ಅದೊಂದೇ ಕಾಣುತ್ತಿತ್ತು, ಬಂಡೆಗಳೆರಡೂ ತಾವಾಗಿ ಹಿಂದೆ ಸರಿದು ಮೆತ್ತಗಾಗಿದ್ದವು. ಬಂಡೆಯತ್ತ ಮನಸ್ಸು ಹೊರಳಿಸಿದರೆ ಗೂಬೆ ಮತ್ತೆ ಕಲ್ಲಿನೊಳಕ್ಕೆ ಹೋಗಿಬಿಡುತ್ತಿತ್ತು. ಇಷ್ಟು ವರ್ಷ ತಾನು ಯಂತ್ರದಿಂದ ಮಾಡಿದ್ದನ್ನು ಕಣ್ಣು ಹುಟ್ಟಿನಿಂದಲೇ ಮಾಡುತ್ತಿದೆ ಎಂದು ಅವಳಿಗೆ ಹೊಳೆಯಿತು. ಆದರೆ ಕಣ್ಣು ಏನನ್ನೂ ಗುಡಿಸಿ ಹಾಕುವುದಿಲ್ಲ. ದೂರ ಇಡುತ್ತದೆ, ಅಷ್ಟೇ. ಕರೆದರೆ ಎಲ್ಲವೂ ಮತ್ತೆ ಬರುತ್ತದೆ.

ಬೂ... ಬೋ.

ಸದ್ದು ಗುಡ್ಡದಿಂದ ಬಂತೋ ನೆಲದಿಂದ ಬಂತೋ ತಿಳಿಯಲಿಲ್ಲ. ಖಾಲಿ ಹಂಡೆಯೊಳಗೆ ಯಾರೋ ಮೆಲ್ಲಗೆ ಮಾತಾಡಿದ ಹಾಗಿತ್ತು. ತೋಪಿನ ಹಕ್ಕಿಗಳೆಲ್ಲ ಒಂದು ಕ್ಷಣ ಸುಮ್ಮನಾದವು. ವೆಂಕಟ್ ಕ್ಯಾಮೆರಾ ಎತ್ತಲಿಲ್ಲ.

ಮರುದಿನ ಮದುವೆ ಆಲ್ಬಂಗಳನ್ನು ಪಕ್ಕಕ್ಕಿಟ್ಟು ಮೂಲ ಫೋಟೋದಿಂದ ಮತ್ತೆ ಶುರು ಮಾಡಿದಳು. ಈ ಸಲ ಬೇಲಿ ಹಾಕಲಿಲ್ಲ. ಉಗುರು ಊರಿದ ಕಲ್ಲನ್ನು ಇದ್ದ ಹಾಗೇ ಬಿಟ್ಟು, ಅಲ್ಲಿಂದ ಹಿಂದಕ್ಕೆ, ತೋಪಿನಲ್ಲಿ ನಿಂತು ಕಣ್ಣಳತೆಯಲ್ಲಿ ಇಟ್ಟುಕೊಂಡಿದ್ದ ದೂರವನ್ನು ನೆನೆಸಿಕೊಳ್ಳುತ್ತಾ, ತೆಳ್ಳಗೆ, ಇನ್ನೂ ತೆಳ್ಳಗೆ ಮೆದು ಮಾಡುತ್ತಾ ಹೋದಳು. ಮೆದುವಾದ ಜಾಗ ಪ್ಲಾಸ್ಟಿಕ್ಕಿನಂತೆ ನುಣುಪಾಗದಿರಲೆಂದು ಅದರ ಮೇಲೆ ಮೂಲ ಫೋಟೋದಲ್ಲಿದ್ದಷ್ಟೇ ನವಿರು ತರಿಯನ್ನು ಮತ್ತೆ ಉದುರಿಸಿದಳು. ಕೊಂಬಿನ ಕುಚ್ಚಿನ ಹತ್ತಿರ ಚುಕ್ಕಿ ಇಡುವುದನ್ನೇ ಬಿಟ್ಟು, ಎಳೆ ಎಳೆಯಾಗಿ, ಮಗುವಿನ ಹುಬ್ಬು ತೀಡಿದ ಹಾಗೆ ಬ್ರಶ್ ಆಡಿಸಿದಳು.

ಚಿತ್ರ ಹಿಗ್ಗಿಸಿದಂತೆಲ್ಲ ಗೂಬೆ ಮುಗಿಯುತ್ತಲೇ ಇರಲಿಲ್ಲ. ಎದೆಯ ಒಂದು ಗರಿಯಲ್ಲಿ ರಾಗಿ ಹೊಟ್ಟಿನ ಬಣ್ಣ, ಅದರ ನಡುವೆ ಹುಣಸೆಬೀಜದ ಗೆರೆ, ತುದಿಯಲ್ಲಿ ಒಣ ಮಾವಿನೆಲೆಯ ಕಂದು. ಪಕ್ಕದ ಬಂಡೆಯಲ್ಲೂ ಅದೇ ಬಣ್ಣಗಳು, ಅದೇ ಅನುಕ್ರಮದಲ್ಲಿ. ಗರಿ ಕಲ್ಲನ್ನು ನೋಡಿ ಕಲಿತಿತ್ತೋ, ಕಲ್ಲೇ ಗರಿಯನ್ನು ನೋಡಿ ಕಲಿತಿತ್ತೋ! ಯಾರು ಕೂತು ಇಷ್ಟು ತಾಳ್ಮೆಯಿಂದ ಇದನ್ನು ಮಾಡಿದ್ದು ಎಂದು ಅವಳು ಬೆರಗಾಗಿ ಕೈ ಕಟ್ಟಿ ಕೂತಳು.

ಮಧ್ಯಾಹ್ನದ ಹೊತ್ತಿಗೆ ನಡುವಿನ ಬಿರುಕಿಗೆ ಬಂದಳು. ಅತ್ತಿ ಗಿಡದ ಎಲೆಗಳ ಹಿಂದೆ ಕತ್ತಲು. ಅಲ್ಲಿ ಬ್ರಶ್ ಇಡುವ ಮುನ್ನ ಎಷ್ಟು ಆಳವಿದೆ ನೋಡೋಣವೆಂದು ಕತ್ತಲೆಯನ್ನು ಸ್ವಲ್ಪ ಬೆಳಕು ಮಾಡಿದಳು.

ಕತ್ತಲು ಅವಳನ್ನೇ ನೋಡುತ್ತಿತ್ತು.

ಎರಡು ಕಣ್ಣು. ಸುತ್ತ ಬೂದಿ ಬಣ್ಣದ ತುಪ್ಪಳ. ಹತ್ತಿಯುಂಡೆಗೆ ಯಾರೋ ಕೆಂಡದ ಕಿಡಿ ಇಟ್ಟ ಹಾಗೆ, ಒಂದು ಮರಿ.

"ಅಮ್ಮಾ," ಎಂದಳು. ಆಂಜಿನಮ್ಮ ಕೆಳಗಿದ್ದರು, ಕೇಳಲಿಲ್ಲ. ಮೊದಲ ದಿನ ಕಾಫಿ ಆರುವುದರೊಳಗೆ ತಾನು ಗುಡಿಸಿದ ಕಸದಲ್ಲಿ ಈ ಮರಿಯೂ ಇತ್ತು. ಅವಳು ಎದ್ದು ನೀರು ಕುಡಿದು ಬಂದು ಮತ್ತೆ ಕೂತಳು. ಕಣ್ಣುಗಳು ಹಾಗೇ ಇದ್ದವು, ಹೆದರಿಕೆಯಿಲ್ಲದೆ, ಪ್ರಪಂಚ ಹೇಗಿದೆ ಎಂದು ಮೊದಲ ಸಲ ನೋಡುವ ಕಣ್ಣು.

ಸಂಜೆ ಬಂದ ವೆಂಕಟ್ ಕುಣಿದೇಬಿಟ್ಟ. "ಮರಿ! ಅಕ್ಕ, ನಾನು ಅಷ್ಟು ಹೊತ್ತು ಕೂತಿದ್ದೆ, ನಂಗೇ ಕಾಣಲಿಲ್ವಲ್ಲ! ಬ್ಲರ್ ಬೇಡ ಬಿಡು. ಬಂಡೆಗಳು ಹಂಗೇ ಇರ್ಲಿ, ಮರೀನ ಇನ್ನೊಂಚೂರು ಬೆಳಕು ಮಾಡು. ಗೋಡೆ ಮೇಲೆ ನಮ್ಮದೇ ಮೊದಲು."

"ಬಂಡೆ ಹಂಗೇ ಇದ್ರೆ ನೋಡಿದೋರು ಏನಂತಾರೆ?"

"ಅತ್ತಾಕೋಡಳ್ಳ ಬಂಡ ಅಂತಾರೆ."

"ಅಂದ್ರೆ ಒಂದು ಮನೇಲಿ ಮಗು ಐತೆ, ಬಾಗಿಲು ಇಲ್ಲಿ ಅಂತ ಬರೆದು ಗೋಡೆಗೆ ನೇತಾಕ್ದಂಗೆ."

ವೆಂಕಟ್ ಕುಣಿಯುವುದು ನಿಲ್ಲಿಸಿದ. ಹೋದ ವರ್ಷ ಒಂದು ಕೆರೆಯಲ್ಲಿ ನಡೆದದ್ದು ಇಬ್ಬರಿಗೂ ಗೊತ್ತಿತ್ತು. ಕೊಕ್ಕರೆಗಳು ಗೂಡು ಕಟ್ಟಿವೆ ಎಂದು ಫೋಟೋ ಹರಡಿದ್ದೇ ತಡ, ಗಾಡಿಗಟ್ಟಲೆ ಜನ ಬಂದು ಗೂಡಿನ ಬುಡದಲ್ಲಿ ಕ್ಯಾಮೆರಾ ನಿಲ್ಲಿಸಿದರು. ಹಕ್ಕಿಗಳು ಮೊಟ್ಟೆ ಬಿಟ್ಟು ಎದ್ದುಹೋದವು. ಗೂಬೆಗಾದರೆ ಗೋಣಿಚೀಲದವರೂ ಬರುತ್ತಾರೆ.

"ಗೂಬೆ ಮುಖ ಮಾತ್ರ ಉಳಿಸಿ ಕತ್ತರಿಸಿದ್ರೆ?" ಎಂದ. ಕತ್ತರಿಸಿ ತೋರಿಸಿದಳು. ಅವನ ಕ್ಯಾಮೆರಾ ಅಷ್ಟು ಹತ್ತಿರವನ್ನು ತಾಳಲಿಲ್ಲ. ಗೂಬೆ ಆಧಾರ್ ಕಾರ್ಡಿನ ಫೋಟೋದಂತೆ ಕಾಣಿಸಿತು. ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಅವನೆಂದ, "ಕಂಪನೀಲಿ ಎಲ್ರದೂ ನೀಲಿ ಟೋಪಿ ಅಕ್ಕ. ಊಟದ ಹಾಲ್‌ನಲ್ಲಿ ಮೇಲಿಂದ ನೋಡಿದ್ರೆ ಬರೀ ನೀಲಿ. ಒಂದ್ಸಲ ಒಂದು ಗೋಡೆ ಮೇಲೆ ಹೆಸರಿರ್ಲಿ ಅಂತ..."

ಸುನಂದ ಮೌಸು ಹಿಡಿದಳು.

ಆ ವಾರವೆಲ್ಲ ಕೆಳಗಿನ ಅಂಗಡಿಯವರಿಗೆ ಟಕ್ ಟಕ್ ಕೇಳಿಸಲಿಲ್ಲ. ಬ್ರಶ್ಶಿಗೆ ಸದ್ದಿಲ್ಲ. ಗೂಬೆ, ಅದು ಕೂತ ಕಲ್ಲು ಚೂಪಾಗಿ ಉಳಿದವು. ಅತ್ತೆಯ ಬೆನ್ನು, ಸೊಸೆಯ ಭುಜ ಸ್ವಲ್ಪ ಸ್ವಲ್ಪವೇ ಸಂಜೆಯೊಳಕ್ಕೆ ಜಾರಿದವು. ಒಂದು ದೊಡ್ಡ ಲೆನ್ಸು ಎಷ್ಟು ಮಸುಕು ಮಾಡುತ್ತಿತ್ತೋ ಅಷ್ಟೇ, ಒಂದು ಎಳೆ ಹೆಚ್ಚಿಲ್ಲ. ಬಂಡೆಗಳು ಬಂಡೆಗಳಾಗಿಯೇ ಇದ್ದವು, ಆದರೆ ಈಗ ಅವು ಮುಳಬಾಗಿಲಿನವೂ ಆಗಬಹುದಿತ್ತು, ಕೋಲಾರದ ಬೆಟ್ಟದವೂ ಆಗಬಹುದಿತ್ತು. ಬಿರುಕಿನ ಕತ್ತಲೆಯನ್ನು ಅವಳು ಮೊದಲಿದ್ದಷ್ಟಕ್ಕೇ ಮರಳಿಸಿದಳು. ಮರಿಯ ಕಣ್ಣನ್ನು ಮುಟ್ಟಲಿಲ್ಲ. ಎಲೆಗಳ ನಡುವೆ ಅವು ಬೆಳಕಿನ ಎರಡು ಹನಿಗಳಾಗಿ ಉಳಿದವು. ಗೊತ್ತಿದ್ದವರಿಗೆ ಕಣ್ಣು, ಗೊತ್ತಿಲ್ಲದವರಿಗೆ ಬಿಸಿಲು.

ಆಂಜಿನಮ್ಮನನ್ನು ಕರೆದು ಕೂರಿಸಿದಳು. ಅವರು ಹುಟ್ಟಿ ಬೆಳೆದದ್ದು ಆ ಗುಡ್ಡದ ಬುಡದಲ್ಲಿ, ಮೇಕೆ ಮೇಯಿಸಿದ್ದು ಅದೇ ಬಂಡೆಗಳ ನೆರಳಲ್ಲಿ.

"ಎಲ್ಲಿದಮ್ಮ ಇದು?"

ಆಂಜಿನಮ್ಮ ಮೂಗು ಪರದೆಗೆ ತಗಲುವಷ್ಟು ಬಾಗಿದರು. "ಯಾವುದೋ ಬೆಟ್ಟ. ನಮ್ಮ ಕಡೇದಲ್ಲ. ಈಗ ಕೂತೈತೆ ನೋಡು ಗೂಬೆ, ಕಲ್ಲಿನ ಮೇಲೆ, ರಾಣಿ ಹಂಗೆ."

ವೆಂಕಟ್ ದೊಡ್ಡಮ್ಮನ ಮುಖ ನೋಡಿದ. ಆಮೇಲೆ ಮೆಲ್ಲಗೆ, "ಇದನ್ನೇ ಕಳಿಸೋಣ ಅಕ್ಕ," ಎಂದ.

ಅಷ್ಟು ದಿನ ಬಾಕಿ ಬಿದ್ದಿದ್ದ ಮದುವೆ ಆಲ್ಬಂ ಅವಳು ಮತ್ತೆ ತೆರೆದಾಗ ಕೈ ಮೊದಲಿನಷ್ಟು ಬೇಗ ಓಡಲಿಲ್ಲ. ಮೌನಿಕಾ ಎಂಬ ಹುಡುಗಿಯ ಧಾರೆಯ ಫೋಟೋ. ಹಿಂದೆ ನೀರಿನ ಕ್ಯಾನುಗಳ ಪಕ್ಕ ಒಬ್ಬ ಅಜ್ಜಿ, ಎರಡು ಕೈಯನ್ನೂ ಗಲ್ಲಕ್ಕೆ ಒತ್ತಿಕೊಂಡು, ಮದುಮಗಳ ಬೆನ್ನನ್ನೇ ನೋಡುತ್ತಿದ್ದಾಳೆ. ಸುನಂದ ಕ್ಯಾನುಗಳನ್ನು ಮಸುಕು ಮಾಡಿದಳು. ಅಜ್ಜಿಯನ್ನು ಇದ್ದಲ್ಲೇ, ಸ್ವಲ್ಪ ಮೆತ್ತಗೆ ಉಳಿಸಿದಳು.

ಆ ಅಜ್ಜಿಯ ಕಾರಣಕ್ಕೇ ಅರುಣ್‌ಕುಮಾರ್ ಮೆಟ್ಟಿಲು ಹತ್ತಿ ಬಂದ. ಮುಳಬಾಗಿಲಿನ ಫೋಟೋಗ್ರಾಫರ್. ಸುನಂದಳ ಮೇಜಿಗೆ ಬರುವ ಮದುವೆಗಳಲ್ಲಿ ಅರ್ಧ ಅವನವೇ. ನೀರು ಬಂದು ಹೋದ ಮಾರನೆಯ ದಿನ. ಮೆಟ್ಟಿಲ ಕೆಳಗೆ ತುಂಬಿದ ಕೊಡಗಳು ಸಾಲಾಗಿ ಕೂತಿದ್ದವು. ಚಿತ್ರವನ್ನು ಪ್ರದರ್ಶನಕ್ಕೆ ಒಯ್ಯಲು ವೆಂಕಟ್ ಕೂಡ ಅಲ್ಲೇ ಇದ್ದ.

"ಸುನಂದಕ್ಕ, ಏನಿದು? ಧಾರೆ ಫೋಟೋದಲ್ಲಿ ಹಿಂದೆ ಒಬ್ಬಜ್ಜಿ ಉಳ್ಕೊಂಬಿಟ್ಟವ್ರೆ. ನಿಮ್ಮ ಕೈ ತಪ್ಪೋದು ಅಂದ್ರೆ!"

"ತಪ್ಪಲಿಲ್ಲ ಅರುಣ್, ಬಿಟ್ಟೆ. ತೆಗೀಬೇಕಾ?"

"ಹುಡುಗೀನ ಕೇಳ್ದೆ. ಬೇಡ, ಇರ್ಲಿ ಅಂದ್ಳು. ನಂಗೇನು, ಅವರ ಅಜ್ಜಿ..." ಅವನ ಮಾತು ಅಲ್ಲಿಗೇ ನಿಂತಿತು. ಪರದೆಯ ಮೇಲೆ ಗೂಬೆ ಇತ್ತು. "ಅಬ್ಬಬ್ಬಾ! ಯಾರದಿದು?"

"ನಂದೇ ಅಣ್ಣ," ಎಂದ ವೆಂಕಟ್. ಅವನ ಎದೆ ಒಂದು ಅಂಗುಲ ಮುಂದೆ ಬಂದಿತ್ತು.

"ಏನ್ ಕೂತೈತಪ್ಪ! ಹಿಂದೆ ಎಲೆ ಸಂದೀಲಿ ಬಿಸಿಲು ಬಿದ್ದಿರೋದು ನೋಡು, ಎರಡು ಹನಿ. ಯಾವ ಜಾಗ?"

ವೆಂಕಟ್ ಸುನಂದಳನ್ನು ನೋಡಿದ. "ಬೆಟ್ಟ ಅಣ್ಣ."

"ಬೆಟ್ಟ ಅಂತ ನಂಗೂ ಕಾಣ್ತದೆ ಕಣಯ್ಯ. ಯಾವ ಬೆಟ್ಟ? ಭಾನುವಾರ ಬೆಂಗಳೂರಿಂದ ನಮ್ಮ ಗುಂಪಿನೋರು ಬರ್ತವ್ರೆ, ಮೂರು ಗಾಡಿ. ಏನಾದ್ರೂ ತೋರ್ಸಪ್ಪ ಅಂತ ಪ್ರಾಣ ತಿಂತವ್ರೆ. ಹೋದ ಸಲ ಕೊಕ್ಕರೆ ತೋರ್ಸಿದ್ದೆ, ಎಷ್ಟು ಖುಷಿಪಟ್ರು ಗೊತ್ತಾ?" ಅವನ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಊಟಕ್ಕೆ ಕರೆಯುವವನ ಉತ್ಸಾಹವಿತ್ತು. "ಅಕ್ಕ, ಹಿಂದೆ ನೀವು ಕೈಯಾಡಿಸಿದೀರ. ಒರಿಜಿನಲ್ ತೋರ್ಸಿ. ಕಲ್ಲು ನೋಡಿದ್ರೆ ಸಾಕು, ಊರು ಹೇಳ್ಬಿಡ್ತೀನಿ ನಾನು."

ಒರಿಜಿನಲ್ ಇದ್ದ ಮೆಮೊರಿ ಕಾರ್ಡು ಮೇಜಿನ ಮೇಲೆ, ಅವನ ಮೊಣಕೈ ಪಕ್ಕದ ಕಾರ್ಡ್ ರೀಡರಿನಲ್ಲೇ ಇತ್ತು. ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನು ಸುನಂದ ನಿನ್ನೆಯೇ ಅಳಿಸಿದ್ದಳು. ಅವಳು ಪರದೆಯತ್ತ ನೋಡಿದಳು. ಎರಡು ಹನಿ ಬೆಳಕು ಎಲೆಗಳ ಹಿಂದಿನಿಂದ ಮೂವರನ್ನೂ ನೋಡುತ್ತಿದ್ದವು.

"ಈ ಸೀಸನ್ ಮದುವೆ ಎಲ್ಲಾ ನಿಮಗೇ ಕೊಡೋಣ ಅಂತಿದೀನಿ ಅಕ್ಕ," ಅರುಣ್‌ಕುಮಾರ್ ಕುರ್ಚಿ ಹತ್ತಿರ ಎಳೆದುಕೊಂಡ. "ಒಂದು ಫೋಟೋ ತೋರ್ಸಕ್ಕೆ ಇಷ್ಟೊಂದು..."

ಸುನಂದ ಕಾರ್ಡನ್ನು ಎಳೆದು ತೆಗೆದಳು. ಸೆರಗಿನ ತುದಿಯಲ್ಲಿ ಇಟ್ಟು ಗಂಟು ಹಾಕಿದಳು. ಕಿಟಕಿಯ ಕಡೆ ಕಿವಿ ಕೊಟ್ಟಳು.

"ನೀರು ಬಿಟ್ಟಂಗೈತೆ," ಎಂದು ಎದ್ದಳು.

"ಅಯ್ಯೋ, ಒಂದ್ನಿಮಿಷ ಅಕ್ಕ, ಬರೀ ಊರ ಹೆಸರು..."

"ಲೇ ವೆಂ‌ಕಟ್, ಕೂತ್ಕಂಡು ಏನ್ ನೋಡ್ತೀಯೋ? ಬಾ, ಕೊಡ ಎತ್ತು."

ವೆಂಕಟ್ ಒಂದು ಗಳಿಗೆ ತಬ್ಬಿಬ್ಬಾಗಿ, ಆಮೇಲೆ ಕುರ್ಚಿ ಬೀಳುವಷ್ಟು ಬೇಗ ಎದ್ದ. ಮೇಲಿನಿಂದ ಅರುಣ್‌ಕುಮಾರನ ದನಿ ಬರುತ್ತಲೇ ಇತ್ತು, "ಮುಳಬಾಗಿಲು ಕಡೆನಾ? ಅಷ್ಟು ಹೇಳಿ ಸಾಕು, ಅಕ್ಕ..." ಸುನಂದ ಆಗಲೇ ಮೆಟ್ಟಿಲಿಳಿದು, ತುಂಬಿದ ಕೊಡಗಳನ್ನು ದಾಟಿ, ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು, ಬೀದಿಯ ಒಣ ನಲ್ಲಿಯ ಕಡೆಗೆ ನಡೆದಿದ್ದಳು.